ಪುಟ್ಟಿಯ ಕೆಳಗಿರುವ ಒಂಬತ್ತು ಅಂಕಿಗಳ ವಿಚಾರವಾಗಿ

ಮಾನ್ಯ ವಾಹನ ನೋಂದಣಿ ಅಧಿಕಾರಿಗಳೇ,

ನೀವು ಜಪ್ತಿ ಮಾಡಿಟ್ಟುಕೊಂಡಿರುವ ನಮ್ಮ ಹಳೆಯ ಮಿಲಿಟರಿ ಟ್ರಕ್ಕಿನ ಚಾಸಿ ನಂಬರನ್ನು ಯಾರೂ ಅಳಿಸಿಲ್ಲ. ಅದು ಇದ್ದ ಜಾಗದಲ್ಲೇ ಇದೆ. ಅದರ ಮೇಲೆ ತಗಡಿನ ತೂತು, ಕುಳಿ ತುಂಬುವ ಪುಟ್ಟಿ ಕೂತಿದೆ. ಆ ಪುಟ್ಟಿ ಬಳಿದವಳು ನಾನು. ಒಂದು ಬಟ್ಟೆ ಚೂರು, ಅರ್ಧ ಬಾಟಲಿ ಥಿನ್ನರ್, ಕಾಲು ಗಂಟೆ ಸಮಯ ಕೊಟ್ಟರೆ ಒಂಬತ್ತು ಅಂಕಿಗಳನ್ನೂ ನಿಮ್ಮ ಕಣ್ಣೆದುರಿಗೇ ತೋರಿಸುತ್ತೇನೆ ಎಂದು ನಾಲ್ಕು ಸಲ ನಿಮ್ಮ ಕಚೇರಿಗೆ ಬಂದು ಹೇಳಿದ್ದೇನೆ. ನಾಲ್ಕು ಸಲವೂ ಒಂದೇ ಉತ್ತರ: ಜಪ್ತಿಯಾದ ವಾಹನವನ್ನು ಯಾರೂ ಮುಟ್ಟುವಂತಿಲ್ಲ, ನಂಬರು ಕಾಣುವವರೆಗೆ ಜಪ್ತಿ ತೆರವಿಲ್ಲ. ಅಂದರೆ ಮುಟ್ಟದೆ ಕಾಣಿಸಬೇಕು. ನಾನು ದಿನಾ ದೇವರಿಗೆ ಕೈಮುಗಿಯುವವಳು. ಪವಾಡ ನಡೆಯುತ್ತದೆ ಎಂದು ನಂಬಿದವಳು. ಆದರೆ ಪವಾಡವನ್ನು ನಿಯಮಾವಳಿಯಲ್ಲಿ ಸೇರಿಸಿಕೊಂಡ ಕಚೇರಿಯನ್ನು ಇದೇ ಮೊದಲು ನೋಡಿದ್ದು.

ಮುಂದಿನ ತಿಂಗಳ ಹದಿನಾರಕ್ಕೆ ಗಾಡಿಯನ್ನು ಕತ್ತರಿಸಿ ಗುಜರಿಗೆ ಹಾಕುವುದಾಗಿ ನಿಮ್ಮ ನೋಟೀಸು ಬಂದಿದೆ. ಅದನ್ನು ಓದಿ ಅರ್ಥ ಮಾಡಿಕೊಳ್ಳಲು ನನಗೆ ಎರಡು ದಿನ ಹಿಡಿಯಿತು. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗಷ್ಟೇ ಓದಿದ್ದರಿಂದ ಹೀಗಾಯಿತೇನೋ ಎಂದು ಪಕ್ಕದ ಮನೆಯ ಹೈಸ್ಕೂಲು ಮೇಷ್ಟ್ರಿಗೆ ತೋರಿಸಿದೆ. ಅವರಿಗೆ ಮೂರು ದಿನ ಹಿಡಿಯಿತು. ನಿಮ್ಮ ಕೌಂಟರಿನ ಕಿಟಕಿಯ ಮುಂದೆ ನಿಂತು ಹೇಳಿದ್ದು ಕಿಟಕಿಯ ಒಳಗೆ ಹೋಗಲಿಲ್ಲವಾದ್ದರಿಂದ ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನನ್ನ ಯಜಮಾನರು ಕಿಟಕಿ ಸರಳು, ಗೇಟು ಮಾಡುವ ವೆಲ್ಡರ್. ಬೇರೆಯವರ ಗಂಡಂದಿರು ಬಿಡುವಿದ್ದಾಗ ಇಸ್ಪೀಟು ಆಡುತ್ತಾರೆ, ಗಾಳ ಹಾಕಿಕೊಂಡು ಕೆರೆ ದಡದಲ್ಲಿ ಕೂರುತ್ತಾರೆ. ನಮ್ಮವರಿಗೆ ಹಳೆಯ ಮಿಲಿಟರಿ ಟ್ರಕ್ಕಿನ ಹುಚ್ಚು. ಸೈನ್ಯದವರು ಸಾಕಪ್ಪಾ ಎಂದು ಹರಾಜಿಗೆ ಹಾಕಿದ ಗಾಡಿಯನ್ನು ಎಳೆದುಕೊಂಡು ಬರುತ್ತಾರೆ. ಎಂಜಿನ್ ತಿರುಗದೆ ಹಿಡಿದುಕೊಂಡಿರುತ್ತದೆ, ಸೀಟಿನೊಳಗೆ ಇಲಿ ಸಂಸಾರ ಹೂಡಿರುತ್ತದೆ. ವರ್ಷಗಟ್ಟಲೆ ಬಿಚ್ಚಿ, ಉಜ್ಜಿ, ಬೆಸೆದು, ಬೇಕಾದಂತೆ ಬದಲಾಯಿಸಿ ಮತ್ತೆ ರಸ್ತೆಗಿಳಿಸುತ್ತಾರೆ. ಹದಿನೆಂಟು ವರ್ಷಗಳಲ್ಲಿ ಇದು ಮೂರನೆಯದು. ಮೊದಲನೆಯದು ಈಗ ಒಬ್ಬ ಬಡಗಿಯ ಓಡಾಡುವ ಕಾರ್ಖಾನೆ. ಎರಡನೆಯದರ ಬೆನ್ನ ಮೇಲೆ ಬಾವಿ ಕೊರೆಯುವ ಯಂತ್ರ ಕೂತಿದೆ. ಎರಡಕ್ಕೂ ಮುದ್ರೆ ಒತ್ತಿ ಕೊಟ್ಟದ್ದು ನಿಮ್ಮದೇ ಕಚೇರಿ. ನಾವು ಕಳ್ಳರಾಗಲು ಹದಿನೆಂಟು ವರ್ಷ ತರಬೇತಿ ಪಡೆದೆವೆಂದು ನೀವು ಭಾವಿಸಿದ್ದರೆ, ಇಷ್ಟು ತಾಳ್ಮೆಯ ಕಳ್ಳರನ್ನು ಸರ್ಕಾರ ಕರೆದು ಕೆಲಸ ಕೊಡಬೇಕು.

ಮೊದಲ ಗಾಡಿ ಅಂಗಳಕ್ಕೆ ಬಂದಾಗ ನಾನು ಒಂದು ತಿಂಗಳು ಅವರ ಜೊತೆ ಮಾತು ಬಿಟ್ಟಿದ್ದೆ. ಎರಡನೇ ತಿಂಗಳು ಅವರು ಬಾಗಿಲಿಗೆ ಪುಟ್ಟಿ ಬಳಿಯುವ ಚೆಂದ ನೋಡಲಾರದೆ ಅವರ ಕೈಯಿಂದ ಬಳಿಯುವ ತಗಡು ಕಿತ್ತುಕೊಂಡೆ. ಅಂದಿನಿಂದ ಪುಟ್ಟಿ, ಉಪ್ಪುಕಾಗದ, ನುಣುಪು ನನ್ನ ಇಲಾಖೆ. ನಾನು ಉಜ್ಜಿದ ತಗಡಿನ ಮೇಲೆ ಕಣ್ಣುಮುಚ್ಚಿ ಕೈಯಾಡಿಸಿದರೆ ಎಲ್ಲಿ ತೂತಿತ್ತು, ಎಲ್ಲಿ ತುಕ್ಕಿತ್ತು ಎಂದು ಹೇಳಲು ಅವರಿಗೂ ಆಗುವುದಿಲ್ಲ. ಈಗ ಬಂದಿರುವ ಆಪತ್ತೆಲ್ಲ ಇದರಿಂದಲೇ.

ಈ ಮೂರನೇ ಗಾಡಿ ಮಾಡಿದ್ದು ನಮ್ಮತ್ತೆಗಾಗಿ. ಅವರಿಗೆ ಎಂಬತ್ತೆರಡು. ನಾಲ್ಕು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿಯಿತು. ಕೂಡಿಕೊಂಡಿತು, ಆದರೆ ಬಾಗುವುದನ್ನು ಮರೆಯಿತು. ಬಲಗಾಲು ಚಾಚಿಕೊಂಡು ಎತ್ತರದ ಕುರ್ಚಿಯಲ್ಲಿ ಮಾತ್ರ ಕೂರಬಲ್ಲರು. ಯಾವ ಕಾರಿನ ಬಾಗಿಲಲ್ಲೂ ಅವರನ್ನು ಒಳಗೆ ಸೇರಿಸಲಾಗುವುದಿಲ್ಲ. ಪಕ್ಕದ ಊರಿನಲ್ಲಿ ಅವರ ಅಕ್ಕ ಇದ್ದಾರೆ, ತೊಂಬತ್ತರ ಹತ್ತಿರ. ಹಾಸಿಗೆ ಬಿಟ್ಟು ಏಳುವುದಿಲ್ಲ. ಅತ್ತೆ ಬಿದ್ದ ದಿನದಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಫೋನಿನಲ್ಲಿ ಕಿರುಚಾಡುತ್ತಾರೆ, ಅಷ್ಟೆ.

ಟ್ರಕ್ಕಿನಲ್ಲಿ ಭಾರದ ಸ್ಟೆಪ್ನಿ ಚಕ್ರ ಎತ್ತಲು ಒಂದು ರಾಟೆ ಇರುತ್ತದೆ. ಯಜಮಾನರು ಅದನ್ನು ಹಿಂದಕ್ಕೆ ತಂದು, ಹಿಂದಿನ ಬಾಗಿಲನ್ನೇ ಹಲಗೆ ಮಾಡಿ, ಕುರ್ಚಿ ಸಮೇತ ಅತ್ತೆಯವರನ್ನು ಮೇಲಕ್ಕೆ ಎತ್ತುವ ಹಾಗೆ ಮಾಡಿದರು. ಮೇಲೆ ಕುರ್ಚಿ ಅಲ್ಲಾಡದಂತೆ ನಾಲ್ಕು ಕೊಂಡಿ. ಕ್ಯಾನ್ವಾಸಿನಲ್ಲಿ ಅವರ ಕಣ್ಣಿನ ಎತ್ತರಕ್ಕೆ ಸರಿಯಾಗಿ ಒಂದು ಕಿಟಕಿ. ಅದನ್ನು ರಸ್ತೆಯ ಬದಿಗೇ ಇಡಬೇಕೆಂದು ಅತ್ತೆ ಹಟ ಹಿಡಿದರು.

"ಗಿಡಮರ ನೋಡೋಕಲ್ಲ ಕಣೋ, ಜನರನ್ನ ನೋಡಬೇಕು. ಯಾರು ದಪ್ಪ ಆಗಿದ್ದಾರೆ ಅಂತ ನನಗೂ ಗೊತ್ತಾಗಲಿ" ಎಂದರು.

ಆಮೇಲೆ ಗಾಡಿಯನ್ನು ಒಂದು ಸುತ್ತು ನೋಡಿ ಮಗನನ್ನು ಕೇಳಿದರು. "ಇದರಲ್ಲಿ ಮೊದಲು ಏನು ಹೇರುತ್ತಿದ್ದರು?"

"ಮದ್ದುಗುಂಡಿನ ಪೆಟ್ಟಿಗೆ, ಅಮ್ಮ."

"ಹಾಗಾದ್ರೆ ಇನ್ನೂ ಹುಷಾರಾಗಿ ಓಡಿಸು. ಅದಕ್ಕಿಂತ ಬೇಗ ಸಿಡೀತೀನಿ ನಾನು."

ಈಗ ತಪ್ಪಿನ ವಿಷಯ. ನಮ್ಮಿಬ್ಬರ ನಡುವೆ ಸೀಮೆಸುಣ್ಣದ ಒಂದು ಕ್ರಮವಿದೆ. ಅವರು ವೆಲ್ಡಿಂಗ್ ಕೆಲಸ ಮುಗಿಸಿ ಹೋಗುವಾಗ ಗಾಡಿಯ ಮೇಲೆ ಗುರುತು ಹಾಕಿ ಹೋಗುತ್ತಾರೆ. ಗುಂಡಗೆ ಸುತ್ತಿದ್ದರೆ ತುಂಬು ಎಂದು, ಅಡ್ಡಗೆರೆ ಎಳೆದಿದ್ದರೆ ಮುಟ್ಟಬೇಡ ಎಂದು. ಮಾತೇ ಬೇಡ. ಚಾಸಿಯ ಬಲಗಡೆ ತೊಲೆಯ ಮೇಲೆ ನಂಬರಿದ್ದ ಜಾಗಕ್ಕೆ ಅವರು ಅಡ್ಡಗೆರೆ ಎಳೆದಿದ್ದರು. ಎಳೆದು, ಬಾಗಿಲಿನ ರಬ್ಬರು ತರಲು ಹೋದರು. ನಾನು ಕೆಲಸಕ್ಕೆ ಕೂರುವ ಮೊದಲು ತೊಳೆಯದೆ ಕೂತವಳಲ್ಲ. ತೊಲೆಯನ್ನು ಉದ್ದಕ್ಕೂ ಡೀಸೆಲಿನಲ್ಲಿ ತೊಳೆದೆ. ಗುರುತು ಹೋಯಿತು. ಮಿಲಿಟರಿಯವರು ಒಂದರ ಮೇಲೊಂದು ಏಳು ಸಲ ಬಣ್ಣ ಬಳಿದಿದ್ದ ಆ ಅಂಕಿಗಳು ನನ್ನ ಕಣ್ಣಿಗೆ ತುಕ್ಕು ತಿಂದ ಕುಳಿಗಳ ಹಾಗೆ ಕಂಡವು. ಅಕ್ಕಪಕ್ಕ ನಿಜವಾದ ಕುಳಿಗಳೂ ಬೇಕಾದಷ್ಟಿದ್ದವು. ಎಲ್ಲವನ್ನೂ ತುಂಬಿದೆ, ಒಣಗಿಸಿದೆ, ಉಜ್ಜಿದೆ. ಸಂಜೆ ಅವರು ಬರುವಷ್ಟರಲ್ಲಿ ಬಣ್ಣವೂ ಆಗಿತ್ತು. ಹೊಳೆಯುತ್ತಿದ್ದ ತೊಲೆ ನೋಡಿ ಅವರು ಖುಷಿಪಟ್ಟರೇ ಹೊರತು ನಂಬರಿನ ಯೋಚನೆ ಇಬ್ಬರಿಗೂ ಬರಲಿಲ್ಲ.

ತಪಾಸಣೆಗೆಂದು ಗಾಡಿಯನ್ನು ನಾವಾಗಿಯೇ ನಿಮ್ಮ ಅಂಗಳಕ್ಕೆ ತಂದೆವು. ನಿಮ್ಮ ಇನ್‌ಸ್ಪೆಕ್ಟರು ಬ್ರೇಕು ನೋಡಿದರು, ದೀಪ ನೋಡಿದರು, ರಾಟೆಯ ಹಲಗೆಯ ಮೇಲೆ ತಾವೇ ನಿಂತು ಮೇಲೆ ಹೋಗಿ ಕೆಳಗೆ ಬಂದರು, ಬೇಕಿಲ್ಲದಿದ್ದರೂ ಇನ್ನೊಮ್ಮೆ ಹೋಗಿ ಬಂದರು. ಕೊನೆಗೆ ಚಾಸಿ ನಂಬರು ಎಲ್ಲಿ ಎಂದರು. ಯಜಮಾನರು ಕೆಳಗೆ ತೂರಿ ಮಲಗಿದರು. ಸ್ವಲ್ಪ ಹೊತ್ತಾದ ಮೇಲೆ ಗಾಡಿಯ ಕೆಳಗಿಂದ ದನಿ ಬಂತು.

"ಲೇ, ಇಲ್ಲೇನು ಮಾಡಿದ್ದೀಯೆ?"

"ಯಾಕ್ರೀ? ನೀಟಾಗಿ ಮಾಡಿದ್ದೀನಲ್ಲ" ಎಂದೆ.

ಇನ್‌ಸ್ಪೆಕ್ಟರು ಬಗ್ಗಿ ಟಾರ್ಚು ಬಿಟ್ಟು, ಬೆರಳಿನಿಂದ ಸವರಿ ನೋಡಿ, "ಇಷ್ಟು ನೀಟಾಗಿ ಕಳ್ಳರು ಮಾತ್ರ ಮಾಡ್ತಾರೆ" ಎಂದರು. ಹದಿನೆಂಟು ವರ್ಷಗಳಲ್ಲಿ ನನ್ನ ಕೆಲಸವನ್ನು ಹೊರಗಿನವರು ಹೊಗಳಿದ್ದು ಅದೊಂದೇ ಸಲ. ಗಾಡಿ ಅಂದು ಮನೆಗೆ ಬರಲಿಲ್ಲ.

ಎರಡನೇ ಸಲ ಬಂದಾಗ ಆ ಉತ್ತರದ ಜೊತೆಗೆ ನಿಮ್ಮ ಗುಮಾಸ್ತರು ಒಂದು ಫಾರಂ ಕೊಟ್ಟರು. ಒಳ್ಳೆಯ ಮನುಷ್ಯ, ಕುರ್ಚಿ ಹಾಕಿ ಕೂರಿಸಿದರು. ಆ ಫಾರಮ್ಮಿನಲ್ಲಿ 'ನಂಬರು ಕಾಣದಿರಲು ಕಾರಣ' ಎಂಬುದರ ಮುಂದೆ ಎರಡೇ ಚೌಕಗಳು. ಒಂದು, ಕಾಲಕ್ರಮೇಣ ಸವೆತ. ಇನ್ನೊಂದು, ಅಪರಿಚಿತರ ಕೃತ್ಯ. ಗುಮಾಸ್ತರು ದನಿ ತಗ್ಗಿಸಿದರು.

"ಅಮ್ಮಾ, ಮೊದಲನೆಯದಕ್ಕೆ ಟಿಕ್ ಹಾಕಿ ಸಹಿ ಮಾಡಿಬಿಡಿ. ಹೊಸ ನಂಬರು ಹೊಡೆದು ಕೊಡ್ತೀವಿ. ನಾಳೆ ಗಾಡಿ ಮನೇಲಿರುತ್ತೆ."

"ಸವೆದಿಲ್ವಲ್ಲಪ್ಪ."

"ಇಷ್ಟು ಹಳೇ ಗಾಡಿ ಸವೆದಿಲ್ವಾ?"

"ಗಾಡಿ ಸವೆದಿದೆ. ನಂಬರು ಸವೆದಿಲ್ಲ. ಪುಟ್ಟಿ ಕೆಳಗೆ ಚೆನ್ನಾಗಿದೆ."

"ಅದು ನಿಮಗೂ ನನಗೂ ಬಿಟ್ರೆ ಯಾರಿಗೆ ಗೊತ್ತಾಗುತ್ತೆ? ದೇವರು ನೋಡ್ತಾನೆ ಅಂತಾನಾ?"

"ನೋಡ್ತಾನೆ. ಅವನಿಗೆ ಥಿನ್ನರೂ ಬೇಕಾಗಲ್ಲ."

ಗುಮಾಸ್ತರು ತಲೆ ಕೆರೆದುಕೊಂಡರು. ನಾನು ಎರಡು ಚೌಕಗಳನ್ನೂ ಖಾಲಿ ಬಿಟ್ಟು ಪಕ್ಕದ ಅಂಚಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದೆ: 'ಪುಟ್ಟಿ ತುಂಬಿದ್ದು ನಾನು. ತಿಳಿಯದೆ ತುಂಬಿದೆ. ನಂಬರು ಕೆಳಗಿದೆ.' ನಿಮ್ಮ ನೋಟೀಸಿನಲ್ಲಿ ಇದು 'ಸದರಿ ಮಹಿಳೆಯು ಗುರುತಿನ ಸಂಖ್ಯೆಯನ್ನು ಮರೆಮಾಚಿರುವುದಾಗಿ ಸ್ವಇಚ್ಛೆಯಿಂದ ತಪ್ಪೊಪ್ಪಿಕೊಂಡಿರುತ್ತಾಳೆ' ಎಂದಾಗಿದೆ. ನನ್ನ ಮೂರು ವಾಕ್ಯಗಳಲ್ಲಿ ಮೊದಲನೆಯದನ್ನು ಕಚೇರಿ ಪೂರ್ತಿ ನಂಬಿದೆ. ಉಳಿದ ಎರಡನ್ನು ನಂಬಿಲ್ಲ. ಒಂದೇ ಕೈ, ಒಂದೇ ಪೆನ್ನು, ಒಂದೇ ಉಸಿರಿನಲ್ಲಿ ಬರೆದದ್ದು ಸ್ವಾಮಿ. ಅರ್ಧ ನಿಜ, ಅರ್ಧ ಸುಳ್ಳು ಎಂದು ಭಾಗ ಮಾಡಿದ್ದು ಯಾವ ತಕ್ಕಡಿಯಲ್ಲಿ? ಕದ್ದವಳು ಕದ್ದ ಮಾಲನ್ನು ತಂದು ನಿಮ್ಮ ಮುಂದೆ ನಿಲ್ಲಿಸಿ ಪರೀಕ್ಷೆ ಮಾಡಿ ಎನ್ನುತ್ತಾಳೆಯೇ? ಸೈನ್ಯದವರು ಕೊಟ್ಟ ಹರಾಜಿನ ಕಾಗದ ನಿಮ್ಮ ಕಡತದಲ್ಲೇ ಇದೆ. ಅದರಲ್ಲಿ ಅದೇ ಒಂಬತ್ತು ಅಂಕಿಗಳಿವೆ. ಆ ಕಾಗದವನ್ನೂ ಈ ತೊಲೆಯನ್ನೂ ಒಂದು ಸಲ ಅಕ್ಕಪಕ್ಕ ಇಟ್ಟು ನೋಡಲು ಕಚೇರಿಗೆ ಏನು ಅಡ್ಡಿ? ಸವೆದಿದೆ ಎಂದು ಸುಳ್ಳು ಬರೆದಿದ್ದರೆ ನಾನು ಪ್ರಾಮಾಣಿಕ ನಾಗರಿಕಳು. ನಿಜ ಬರೆದದ್ದಕ್ಕೆ ಸದರಿ ಮಹಿಳೆ.

ಮನೆಯಲ್ಲಿ ನನ್ನ ಪಾಡು ಇನ್ನೂ ಚೆನ್ನಾಗಿದೆ. ಯಜಮಾನರು ದಿನಾ ಅಂಗಳದಲ್ಲಿ ಗಾಡಿ ನಿಲ್ಲುತ್ತಿದ್ದ ಜಾಗವನ್ನು ಗುಡಿಸುತ್ತಾರೆ, ಬರುತ್ತಾರೆ. ಅತ್ತೆ ಮಾತ್ರ ಮೂರು ದಿನ ಗೋಡೆ ಕಡೆ ಮುಖ ಮಾಡಿ ಕೂತಿದ್ದು, ನಾಲ್ಕನೇ ದಿನ ಬಾಯಿ ಬಿಟ್ಟರು.

"ನಿನ್ನ ಸತ್ಯ ನಿನಗೆ. ನನ್ನ ಕಾಲಿಗೆ ಯಾಕೆ ಕಟ್ಟಿದೆ ಅದನ್ನ?"

"ಸುಳ್ಳಿಗೆ ಸಹಿ ಹಾಕೋಕೆ ಕೈ ಬರಲಿಲ್ಲಮ್ಮ."

"ನಿನಗೆ ಬರಲ್ಲ ಅಂದ್ರೆ ನನ್ನ ಕರ್ಕೊಂಡು ಹೋಗು. ನಾನು ಹೇಳ್ತೀನಿ ಸುಳ್ಳು. ಈ ವಯಸ್ಸಿಗೆ ದೇವರು ನನ್ನ ಲೆಕ್ಕ ಮುಗಿಸಿ ಮಡಚಿಟ್ಟಿರುತ್ತಾನೆ."

"ಹೇಗಮ್ಮ ಕರ್ಕೊಂಡು ಹೋಗಲಿ? ಗಾಡಿ ಅವರ ಹತ್ರ ಇದೆಯಲ್ಲ."

ಅತ್ತೆ ನನ್ನನ್ನೇ ದಿಟ್ಟಿಸಿ ನೋಡಿ ನಕ್ಕರು. ನಗು ಬಹಳ ಹೊತ್ತು ಇರಲಿಲ್ಲ. ಕಳೆದ ವಾರ ಅಕ್ಕನಿಗೆ ಫೋನು ಮಾಡಿದಾಗ ಆ ಕಡೆಯಿಂದ "ಯಾರು ಮಾತಾಡೋದು?" ಎಂದು ಕೇಳಿಸಿತು. ಅತ್ತೆ ತಮ್ಮ ಹೆಸರು ಹೇಳಿದರು. ಮತ್ತೆ "ಯಾರು?" ಇವರು ಕಿರುಚಿ ಹೇಳಿದರು. ಮೂರನೇ ಸಲವೂ "ಯಾರಮ್ಮಾ ನೀನು?" ಎಂದೇ ಬಂತು. ಕಿವಿ ಕೇಳಿಸದೆ ಕೇಳಿದ ಪ್ರಶ್ನೆಯಾಗಿರಲಿಲ್ಲ ಅದು. ಅತ್ತೆ ಫೋನನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, "ಮುಖ ನೋಡಿದ್ರೆ ಗೊತ್ತಾಗುತ್ತೆ ಅವಳಿಗೆ" ಎಂದರು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಟಿಕ್ ಹಾಕಬೇಕಿತ್ತೇನೋ ಎಂದು ಅವತ್ತು ಮೊದಲ ಸಲ ಅನ್ನಿಸಿತು. ಪ್ರಾರ್ಥನೆಗೆ ಕೂತು ಕೇಳಿದೆ. ಉತ್ತರ ಬರಲಿಲ್ಲ. ಅಲ್ಲೂ ಕಡತಗಳು ಸಾಲಿನಲ್ಲಿ ಇರಬಹುದು, ಆ ಕಚೇರಿಯ ಮೇಲೆ ನನಗೆ ದೂರಿಲ್ಲ. ನಾನು ಇನ್ನೂ ಸುಳ್ಳಿಗೆ ಸಹಿ ಹಾಕಲಾರೆ. ಆದರೆ ನನ್ನ ನಿಜಕ್ಕಾಗಿ ಇನ್ನೊಬ್ಬರು ತಮ್ಮ ಅಕ್ಕನನ್ನು ಕಳೆದುಕೊಳ್ಳುವುದನ್ನು ನೋಡಿಕೊಂಡು ಕೂರಲೂ ಆರೆ. ಈ ಎರಡರ ನಡುವೆ ನಿಲ್ಲಲು ನನಗೆ ಜಾಗವಿಲ್ಲ. ನೀವು ಕೊಡುವ ಕಾಲು ಗಂಟೆಯೊಂದೇ ಇದೆ.

ಮೊನ್ನೆ ನಿಮ್ಮ ಯಾರ್ಡಿನ ಬೇಲಿಯ ಹತ್ತಿರ ಹೋಗಿ ಬಂದೆ. ಒಳಗೆ ಗ್ಯಾಸ್ ಕಟರ್ ಹಿಡಿದಿದ್ದ ಮನುಷ್ಯ ಒಂದು ಬಸ್ಸನ್ನು ಎರಡು ಹೋಳು ಮಾಡುತ್ತಿದ್ದರು. ಕನ್ನಡಕ ಹಣೆಗೇರಿಸಿ ಮಾತಾಡಿಸಿದರು. "ಆ ಮಿಲಿಟರಿ ಗಾಡಿ ನಿಮ್ಮದಾ ಅಕ್ಕಾ? ಅದಕ್ಕೆ ಬೆಂಕಿ ಹಚ್ಚೋಕೆ ಮನಸ್ಸು ಬರ್ತಾ ಇಲ್ಲ. ಆದ್ರೆ ಪಟ್ಟಿಯಲ್ಲಿ ಇರೋದನ್ನ ಕತ್ತರಿಸಲೇಬೇಕಲ್ಲ" ಎಂದರು. ಅವರ ಮೇಲೂ ನನಗೆ ಸಿಟ್ಟಿಲ್ಲ. ಪಟ್ಟಿ ಬರೆಯುವವರು ಅವರಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನನಗೆ ಕ್ಷಮೆ ಬೇಡ, ರಿಯಾಯಿತಿ ಬೇಡ. ಪುಟ್ಟಿ ಬಳಿದದ್ದಕ್ಕೆ ಶಿಕ್ಷೆ ಇದ್ದರೆ ಬರೆದು ಕಳಿಸಿ, ಅನುಭವಿಸುತ್ತೇನೆ. ಹದಿನಾರಕ್ಕೆ ಮುಂಚೆ ಯಾವ ದಿನವಾದರೂ ಸರಿ, ನಿಮ್ಮ ಇನ್‌ಸ್ಪೆಕ್ಟರ ಎದುರಿನಲ್ಲಿ ಆ ತೊಲೆಯನ್ನು ಒರೆಸಲು ಬಿಡಿ. ಕಾಗದದಲ್ಲಿರುವ ಒಂದು ಅಂಕಿ ತಪ್ಪಿದರೂ ಗಾಡಿಯನ್ನು ಅಲ್ಲೇ ಕತ್ತರಿಸಿ, ನಾನು ಹಿಡಿದುಕೊಂಡು ನಿಲ್ಲುತ್ತೇನೆ. ನನ್ನ ಕೈ ಮುಟ್ಟಬಾರದೆಂದಾದರೆ ನಿಮ್ಮ ಕೈಯಿಂದಲೇ ಮಾಡಿ. ನಾನು ಬಳಸಿದ್ದು ಹಳೆಯ ಕಾಲದ ಡಬ್ಬಿ ಪುಟ್ಟಿ, ಥಿನ್ನರ್ ತಗುಲಿದರೆ ಕರಗುತ್ತದೆ, ಕಷ್ಟವಿಲ್ಲ. ಬಲಗಡೆಯ ಮುಂದಿನ ಚಕ್ರದಿಂದ ಹಿಂದಕ್ಕೆ ಒಂದು ಗೇಣು. ಗಟ್ಟಿಯಾಗಿ ಒತ್ತಬೇಡಿ, ಸುತ್ತಿಸುತ್ತಿ ಮೆಲ್ಲಗೆ ಉಜ್ಜಿ. ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಬೂದು ಬಣ್ಣದ ಪುಟ್ಟಿ ಜಾರುತ್ತದೆ. ಮೊದಲು ಕಾಣಿಸುವುದು ಕಾಗದದಲ್ಲಿರುವ ಮೊದಲ ಅಂಕಿ, ನಾಲ್ಕು.

ಇಂತಿ,
ನೀಟಾಗಿ ಕೆಲಸ ಮಾಡಿ, ನಿಜ ಬರೆದುಕೊಟ್ಟು, ಎರಡಕ್ಕೂ ಸಿಕ್ಕಿಬಿದ್ದ
ವೆಲ್ಡರನ ಹೆಂಡತಿ