ಅಂಗಳದಲ್ಲಿ ನಿಲ್ಲಲು ಒಬ್ಬರು

ಕುಹ್ಮೊ, ಫಿನ್‌ಲೆಂಡ್
ಅಕ್ಟೋಬರ್ ೧೪

ಪ್ರಿಯ ತುವೊಮೊ,

ನೀನೂ ನಿನ್ನ ಹೆಂಡತಿಯೂ ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ. ಇದು ಬೇಸಿಗೆಯಲ್ಲೇ ಬರೆಯಬೇಕಿದ್ದ ಕಾಗದ. ತಡವಾದದ್ದಕ್ಕೆ ಕೆಲಸವನ್ನು ದೂರೋಣವೆಂದರೆ ಕೆಲಸವೇ ಇರಲಿಲ್ಲ. ಸೋಮಾರಿತನ ಎಂದು ಒಪ್ಪಿಕೊಂಡುಬಿಡುತ್ತೇನೆ. ಇಲ್ಲಿ ಆಗಲೇ ಸರೋವರದ ಅಂಚು ಹೆಪ್ಪುಗಟ್ಟಿದೆ. ಸ್ವೀಡನ್ನಿನಲ್ಲಿ ನೀವು ಇನ್ನೂ ಸೈಕಲ್ ಹೊಡೆಯುತ್ತಿರಬೇಕು.

ಸುದ್ದಿ ಏನೆಂದರೆ, ನಾನು ನೌಕರಿಗೆ ಅರ್ಜಿ ಹಾಕಿದೆ. ನಲವತ್ತಾರನೆಯ ವಯಸ್ಸಿನಲ್ಲಿ, ಮೊದಲ ಸಲ. ಕಾಯಾನಿಯ ಒಂದು ಕಂಪನಿಗೆ ಮನೆ ಬೆಚ್ಚಗಿಡುವ ಇಟ್ಟಿಗೆ ಒಲೆ ಕಟ್ಟುವವರು ಬೇಕಾಗಿದ್ದರು. ನಮ್ಮ ಜೋಡಿ ಮುರಿದು ನೀನು ಸ್ವೀಡನ್ನಿಗೆ ಹೋದಮೇಲೆ ಒಲೆಗಳನ್ನು ಒಬ್ಬನೇ ಕಟ್ಟಿದೆ. ಇಟ್ಟಿಗೆ ಹೊತ್ತವನೂ ನಾನೇ, ಗಾರೆ ಕಲಸಿದವನೂ ನಾನೇ, ಗಾರೆ ನೀರಾಯಿತೆಂದು ಬೈದವನೂ ನಾನೇ, ಬೈಸಿಕೊಂಡವನೂ ನಾನೇ. ಸಾಕಾಯಿತು.

ಉದ್ಯೋಗ ಕಚೇರಿಯಲ್ಲಿ ರೀಕ್ಕಾ ಎಂಬಾಕೆ ಕವರ್ ಲೆಟರ್ ತಿದ್ದಿಕೊಡುತ್ತಾಳೆ. ಬರೆದದ್ದನ್ನು ಕೊಟ್ಟೆ: 'ಒಲೆ ಕಟ್ಟುತ್ತೇನೆ. ದೂರು ಬಂದಿಲ್ಲ. ಒಮ್ಮೆ ಬಂದಿತ್ತು, ಸರಿಮಾಡಿದೆ. ಇಲ್ಪೊ.'

"ಇಲ್ಪೊ, ನೀವು ಕೆಲಸ ಕೇಳ್ತಿದೀರೋ, ತಪ್ಪೊಪ್ಪಿಗೆ ಕೊಡ್ತಿದೀರೋ?"

"ಇದ್ದದ್ದನ್ನ ಹೇಳಬೇಕಲ್ಲ."

"ಯಾರೂ ಕೇಳ್ಲಿಲ್ಲ. ನಿಮ್ಮ ಸಾಧನೆ ಏನು?"

"ಯಾವ್ದೂ ಬಿದ್ದಿಲ್ಲ."

"ಬಿದ್ದಿಲ್ಲ ಅನ್ಬೇಡಿ ಮಾರಾಯ್ರೆ. ಎಲ್ಲಾ ನಿಂತಿವೆ ಅನ್ನಿ."

ಅವಳು ಹೆಲ್ಸಿಂಕಿಯವಳು. ತನ್ನನ್ನು ತಾನೇ ಹೊಗಳಿಕೊಂಡವನ ಪಕ್ಕ ನಮ್ಮೂರ ಸೌನಾದ ಹಬೆಯಲ್ಲಿ ಯಾರೂ ಕೂರುವುದಿಲ್ಲವೆಂದು ಅವಳಿಗೇನು ಗೊತ್ತು. ಆದರೂ ಕಲಿಸಿದಳು: ಕಂಪನಿ ಏನು ಕೇಳಿದೆಯೋ ಅದಕ್ಕೇ ಉತ್ತರ ಕೊಡು; ಯಾವ ಯಾವ ಬಗೆಯ ಒಲೆ ಕಟ್ಟಿದ್ದೀ, ಯಾವ ಹಳೆಯ ಚಿಮಣಿ ಉಳಿಸಿದ್ದೀ, ಹೆಸರು ಹಿಡಿದು ಹೇಳು; ಕೊನೆಗೆ ನಿನ್ನ ಕೆಲಸ ಕಂಡವರೊಬ್ಬರ ಫೋನ್ ನಂಬರ್ ಕೊಡು. ನನ್ನ ಕೆಲಸ ಕಂಡವನು ನೀನೊಬ್ಬನೇ. ನಿನ್ನದೇ ಕೊಟ್ಟೆ. ನಡುವೆ ಚಪಲಕ್ಕೆ 'ಬಿಸಿ ಒಳಗೆ, ಹೊಗೆ ಹೊರಗೆ, ಚಿಂತೆ ನಮಗೆ, ನಿದ್ದೆ ನಿಮಗೆ' ಎಂದು ಸೇರಿಸಿದ್ದೆ. "ಇದು ಅರ್ಜಿಯೋ, ಜೋಗುಳವೋ?" ಎಂದು ಹೊಡೆದುಹಾಕಿದಳು.

'ಈ ಕೆಲಸವೇ ಏಕೆ ಬೇಕು' ಎಂಬಲ್ಲಿ ಮಾತ್ರ ಸಿಕ್ಕಿಬಿದ್ದೆ. ಕಾಗದ ವಾರವಿಡೀ ಮೇಜಿನ ಮೇಲಿತ್ತು. ಕೊನೆಗೆ ಇದ್ದದ್ದನ್ನೇ ಬರೆದೆ: 'ಹೊಸ ಒಲೆಗೆ ಮೊದಲ ಬೆಂಕಿ ಹಾಕುವಾಗ ಒಬ್ಬ ಒಳಗೆ ಕಡ್ಡಿ ಗೀರಬೇಕು, ಇನ್ನೊಬ್ಬ ಅಂಗಳದಲ್ಲಿ ನಿಂತು ಚಿಮಣಿ ನೋಡಿ, ಹೊಗೆ ಬಂತು ಎಂದು ಕೂಗಬೇಕು. ಈಗ ಗೀರಿದವನೇ ಹೊರಗೆ ಓಡುತ್ತೇನೆ. ಹೊಗೆ ಬಂದಿರುತ್ತದೆ. ಕೂಗಿದರೆ ಕೇಳಲು ಒಳಗೆ ಯಾರೂ ಇರುವುದಿಲ್ಲ.'

ರೀಕ್ಕಾ ಓದಿದಳು. "ಹೀಗೆಲ್ಲ ಬರೆಯೋ ಪದ್ಧತಿ ಇಲ್ಲ," ಎಂದಳು. ಮತ್ತೊಮ್ಮೆ ಓದಿದಳು. ಒಂದು ಅಲ್ಪವಿರಾಮ ಹಾಕಿ ಹಿಂದಿರುಗಿಸಿದಳು.

ನಿನ್ನೆ ಕಂಪನಿಯ ಒಡತಿ ಔನೆ ಫೋನ್ ಮಾಡಿದ್ದಳು. ದನಿ ಗರಗಸದ ಹಾಗಿದೆ.

"ನಮ್ಮಲ್ಲಿ ಇಬ್ಬಿಬ್ಬರೇ ಹೋಗೋದು. ನಿಂಗೆ ಜೊತೆ ಆಗೋನು ಮಾತಿನ ಮಲ್ಲ, ತಡ್ಕೋತೀಯಾ?"

"ಹಾಡ್ತಾನಾ?"

"ಇಲ್ಲ."

"ಹಾಗಾದ್ರೆ ತಡ್ಕೋತೀನಿ."

"ಸರಿ, ಸೋಮವಾರ ಬಾ. ಬೂಟು ನಿಂದೇ ತಗೊಂಡ್ ಬಾ."

ಹೀಗೆ ನೌಕರಿ ಸಿಕ್ಕಿತು. ನಿನ್ನ ಮಾತಿನಿಂದಲೂ ಸಿಕ್ಕಿತು, ಅದಕ್ಕೆ ಕೃತಜ್ಞ. ನಿನ್ನ ಮನೆಯೊಳಗೆ ಚಳಿಗಾಲ ಕಾಲಿಡದಿರಲಿ, ಸೊಂಟ ಗಟ್ಟಿಯಾಗಿರಲಿ, ನಿನ್ನವಳು ನಗುತ್ತಿರಲಿ.

ನಿನ್ನ,
ಇಲ್ಪೊ

ತಾ.ಕ.: ಔನೆ ಫೋನ್ ಮಾಡಿ ಕೇಳಿದಾಗ ನೀನು ನನ್ನ ಬಗ್ಗೆ ಅರ್ಧ ಗಂಟೆ ಮಾತಾಡಿದೆಯಂತೆ. ನನ್ನಂಥ ಕೈ ಇನ್ನೆಲ್ಲೂ ನೋಡಿಲ್ಲ ಎಂದೆಯಂತೆ. ಇಷ್ಟು ವರ್ಷ ಜೊತೆಗಿದ್ದಾಗ ಒಂದು ದಿನವೂ ಅಂದವನಲ್ಲ. ಅದು ಬಿಡು, ನಾನೂ ನಿನಗೆ ಅಂದವನಲ್ಲ. ಆದರೆ ಔನೆ ಇನ್ನೊಂದು ಮಾತು ಹೇಳಿದಳು: ಗುರುತಿಲ್ಲದ ನಂಬರಾದರೂ ಮೊದಲ ರಿಂಗಿಗೇ ಎತ್ತಿದೆಯಂತೆ. ನನ್ನ ನಂಬರ್ ನಿನಗೆ ಗೊತ್ತು. ವರ್ಷದಿಂದ ನಾನು ಮಾಡಿದಾಗಲೆಲ್ಲ ಪೂರ್ತಿ ರಿಂಗಾಗಿ ನಿಂತುಹೋಗುತ್ತದೆ. ಅದಕ್ಕೇ ಈ ಕಾಗದ.