ಬಾಯಿ ಬಿಡಿಸುವ ಕೆಲಸ

ಮಾರ್ಚ್ 4, ಸೋಮವಾರ

ಎದ್ದವಳೇ ಬಿಸಿನೀರಲ್ಲಿ ಬಾಯಿ ಮುಕ್ಕಳಿಸಿದೆ. ಅಭ್ಯಾಸ ಬಿಡೋದಿಲ್ಲ. ಅತ್ತೆ ರೇಗಿಸಿದ್ರು— "ಸ್ಟೇಷನ್ನಲ್ಲಿ ಈಗ ಮಷೀನು ಕೂಗುತ್ತೆ. ನಿನ್ನ ಗಂಟಲಿಗೆ ಇನ್ನೂ ಯಾಕಮ್ಮ ಇಷ್ಟು ಉಪಚಾರ?"

ಹೌದು, ಮಷೀನು. ಇಷ್ಟು ವರ್ಷ ಮೈಕ್ ಮುಂದೆ ಕೂತು ರೈಲು ಬಂತು, ಹೋಯ್ತು, ತಡ ಆಯ್ತು ಅಂತ ಹೇಳಿದೋಳು ನಾನು. ರೆಕಾರ್ಡಿಂಗ್ ಬಂದ ಮೇಲೆ ಮನೆಗೆ ಕಳಿಸಿದ್ರು. ಈಗ ಆಸ್ಪತ್ರೇಲಿ ಸಹಾಯಕಿ. ಲಕ್ವ ಹೊಡೆದು ಮಾತು ನಿಂತವರಿಗೆ ಡಾಕ್ಟರ್ ಮೇಡಂ ಪಾಠ ಹೇಳ್ತಾರೆ, ನಾನು ಜೊತೇಲಿ ಕೂತು ಅಭ್ಯಾಸ ಮಾಡಿಸೋದು. ಸದ್ಯಕ್ಕೆ ಟ್ರಯಲ್ ಅಷ್ಟೇ.

ಇವತ್ತು ಹೊಸಬರು ಬಂದ್ರು. ಮಾರ್ಕೆಟ್ಟಲ್ಲಿ ಹರಾಜು ಕೂಗ್ತಿದ್ದ ಯಜಮಾನರು. ಎಂಥ ಎತ್ತರ, ಎಂಥ ಎದೆ! ಬಾಯಿಂದ ಮಾತ್ರ "ತ... ತ..." ಅಷ್ಟೇ. ಅವರ ಹೆಂಡತಿ ಪಕ್ಕದಲ್ಲಿ ಸೆರಗು ಹಿಂಡುತ್ತಾ ಕೂತಿದ್ರು.

ಮಾರ್ಚ್ 14, ಗುರುವಾರ

ಅವಸರದಲ್ಲಿ ಬರೀತಿದೀನಿ, ಅಕ್ಷರ ಸೊಟ್ಟ. ಇರಲಿ!

ಚಿತ್ರದ ಕಾರ್ಡು ತೋರಿಸಿ ತೋರಿಸಿ ಸಾಕಾಗಿತ್ತು. ಲೋಟ, ಕುರ್ಚಿ, ಗಡಿಯಾರ... ಯಜಮಾನರು ಬೆವರ್ತಾರೆ, ಮಾತು ಬರಲ್ಲ. ನನಗೇನನ್ನಿಸ್ತೋ, ಎದ್ದು ನಿಂತೆ. ಕುರ್ಚಿಗೆ ಕೈ ತೋರಿಸಿ ನನ್ನ ಹಳೇ ಮೈಕ್ ಗಂಟಲಲ್ಲಿ ಕೂಗೇ ಬಿಟ್ಟೆ— "ಈ ಕುರ್ಚಿ! ಒಂದು ಸಾರಿ!"

ಅವರ ಬೆನ್ನು ನೆಟ್ಟಗಾಯ್ತು.

"ಎರಡು ಸಾರಿ!"

ನಿಲ್ಲಿಸಿದೆ. ಕಾದೆ. ಅವರ ತುಟಿ ಅಲುಗಾಡ್ತಿತ್ತು. ಆಮೇಲೆ, ಮೇಜಿನ ಮೇಲೆ ದಬ್ ಅಂತ ಗುದ್ದಿ— "ಮೂರು ಸಾರಿ!"

ಗೋಡೆ ಅದುರೋ ಹಾಗೆ! ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡ್ರು. ಪಕ್ಕದ ರೂಮಿಂದ ಮೇಡಂ ಓಡಿ ಬಂದ್ರು. ಬೈತಾರೆ ಅಂದ್ಕೊಂಡೆ. "ನಾಲಿಗೆಗೆ ರೂಢಿಯಾಗಿರೋ ಮಾತು ಕೆಲವೊಮ್ಮೆ ಉಳ್ಕೊಂಡಿರುತ್ತೆ ಕಣ್ರೀ. ಎಲ್ಲಿ ಅಡಗಿದೆ ಅಂತ ಹುಡುಕೋದೇ ನಮ್ಮ ಕೆಲಸ. ಇವರದ್ದು ಸಿಕ್ಕಿತು!" ಅಂತ ನನ್ನ ಎರಡೂ ಕೈ ಹಿಡ್ಕೊಂಡ್ರು.

ಮನೆಗೆ ನಡ್ಕೊಂಡು ಬಂದೆನೋ, ಹಾರ್ಕೊಂಡು ಬಂದೆನೋ.

ಮಾರ್ಚ್ 15

ಇವತ್ತು ಇಡೀ ರೂಮು ಹರಾಜು! ಅದೇ ರಾಗಕ್ಕೆ ಒಂದೊಂದೇ ಮಾತು ಸೇರಿಸಿ ಅಂತ ಮೇಡಂ ಐಡಿಯಾ. "ಲೋಟ, ಒಂದು ಸಾರಿ." "ಗಡಿಯಾರ, ಒಂದು ಸಾರಿ." ಮೇಡಂ ಕನ್ನಡಕಾನೂ ಹೋಯ್ತು. ಕೊನೆಗೆ ಯಜಮಾನರು ಹೆಂಡತಿ ಕಡೆ ಬೆರಳು ತೋರಿಸಿದ್ರು. ಆ ಅಮ್ಮ— "ಅಯ್ಯೋ, ನನ್ನನ್ನ ಯಾರು ಕೊಳ್ತಾರೆ, ಸುಮ್ನಿರಿ!" ನಕ್ಕು ನಕ್ಕು ನನಗೆ ಹೊಟ್ಟೆನೋವು.

ಮಾರ್ಚ್ 28, ಗುರುವಾರ

ಬರೆಯೋಕೆ ಮನಸ್ಸೇ ಇರಲಿಲ್ಲ.

ಹೋದ ವಾರ ಯಜಮಾನರು ಗೋಡೆ ಕಡೆ ತಿರುಗಿ ಕೂತುಬಿಟ್ರು. ಹರಾಜು ಬರುತ್ತೆ, ಹೆಂಡತಿ ಹೆಸರು ಬರಲ್ಲ. ಬಾಯಿ ತೆರೆದು, ತೆರೆದು... ಕಣ್ಣಲ್ಲಿ ನೀರು. ಅವತ್ತಿಂದ ಒಂದು ಮಾತೂ ಇಲ್ಲ.

ಇದರ ಮಧ್ಯೆ ಸ್ಟೇಷನ್ ಹಳೇ ಸಾಹೇಬರ ಫೋನು. ಹೊಸ ಕಂಟ್ರೋಲ್ ರೂಮಿಗೆ ಸೂಪರ್‌ವೈಸರ್ ಬೇಕಂತೆ. ಪರ್ಮನೆಂಟು. ಸೋಮವಾರದೊಳಗೆ ಹೇಳಬೇಕು. ನಮ್ಮನೆಯವರು ಹೇಳಿದ್ದು ಇಷ್ಟೇ— "ನಿನ್ನಿಷ್ಟ. ಆದ್ರೆ ಆ ಕೆಲಸ ಮಾಡ್ತಿದ್ದಾಗ ನೀನು ಮನೆಗೆ ಬಂದು ಒಂದು ದಿನಾನೂ ಅದರ ಮಾತೆತ್ತಲಿಲ್ಲ. ಈಗ ಆಸ್ಪತ್ರೆ ಕಥೆ ಹೇಳ್ತಾ ನಾವು ಊಟ ಮುಗಿಸೋಕೂ ಬಿಡಲ್ಲ."

ಹೌದಾ? ನನಗೇ ಗೊತ್ತಿರಲಿಲ್ಲ.

ಏಪ್ರಿಲ್ 1, ಸೋಮವಾರ

ಬೆಳಿಗ್ಗೆನೇ ಫೋನ್ ಮಾಡಿ ಹೇಳ್ಬಿಟ್ಟೆ, ಬರಲ್ಲ ಅಂತ. ಸಾಹೇಬರು "ಹುಚ್ಚೇನ್ರೀ?" ಅಂದ್ರು. ಇರಬಹುದು ಸಾರ್ ಅಂದೆ. ಮೈಯೆಲ್ಲಾ ಹಗುರ. ಯಜಮಾನರು ಮಾತಾಡ್ತಾರೋ ಇಲ್ವೋ, ಅದಿನ್ನೂ ಗೊತ್ತಿಲ್ಲ. ಆದರೂ ಆ ರೂಮು ಬಿಟ್ಟು ನನಗಿರೋಕಾಗಲ್ಲ.

ಮಧ್ಯಾಹ್ನ ಅವರ ಪಕ್ಕ ಸುಮ್ಮನೆ ಕೂತೆ. ಕಾರ್ಡಿಲ್ಲ, ಕೂಗಿಲ್ಲ. ಹೊರಡುವಾಗ ನನ್ನ ಕಡೆ ತಿರುಗಿ ತಲೆ ಆಡಿಸಿದ್ರು. ಅಷ್ಟೇ. ಅಷ್ಟಕ್ಕೇ ಕುಣಿಯೋ ಹಾಗಾಯ್ತು.

ಏಪ್ರಿಲ್ 3, ಬೆಳಿಗ್ಗೆ, ಬಸ್‌ಸ್ಟಾಪು

ನಿಂತ್ಕೊಂಡೇ ಬರೀತಿದೀನಿ. ಈಗಷ್ಟೇ ಯಜಮಾನರ ಹೆಂಡತಿ ಫೋನ್ ಮಾಡಿದ್ರು. ಅಳು, ನಗು, ಎರಡೂ ಒಟ್ಟಿಗೆ. ಮೊದಲು ಏನೂ ಅರ್ಥ ಆಗಲಿಲ್ಲ. ತಿಂಡಿ ತಟ್ಟೆ ಮುಂದೆ ಇಟ್ಟರಂತೆ. ಒಂದು ತುತ್ತು ಬಾಯಿಗಿಟ್ಟು, ಮುಖ ಸಿಂಡರಿಸಿ, ಈ ಅಮ್ಮನ ಹೆಸರು ಹಿಡಿದು ಕರೆದು— "ಉಪ್ಪು ಜಾಸ್ತಿ!"

"ಬೈದ್ರು ಕಣಮ್ಮ, ನನ್ನನ್ನ ಬೈದ್ರು!" ಅಂತಾರೆ.

ನಾನು ರಸ್ತೇಲೇ ಜೋರಾಗಿ ಕೂಗ್ಬಿಟ್ಟೆ. ಪಕ್ಕದವರು ದೂರ ಸರಿದ್ರು. ಸರೀಲಿ!

ಮೇಡಂಗೆ ಮೊದಲು ನಾನೇ ಹೇಳಬೇಕು. ಇವತ್ತು ಇನ್ನೊಬ್ಬರು ಹೊಸಬರು ಬರ್ತಾರೆ. ಪ್ರೈಮರಿ ಸ್ಕೂಲ್ ಟೀಚರಮ್ಮ ಅಂತೆ, ಒಂದಕ್ಷರಾನೂ ಬರ್ತಿಲ್ಲವಂತೆ. ಟೀಚರ್ರಾ... ಹಾಗಾದ್ರೆ ಮಗ್ಗಿ! ಎರಡೊಂದ್ಲ ಎರಡು ಅಂತ ಶುರು ಮಾಡಿ, ಎರಡೆರಡ್ಲ ಅಂತ ನಿಲ್ಲಿಸಿ ಕಾದರೆ... ಅಯ್ಯೋ ಬಸ್ಸು—