ಬಿಳಿ ಮೋರೆಯ ಹೆಂಗಸರು

ಜೇವರ್ಗಿ, ೧೯೮೮

ನನ್ನ ಮಣ್ಣೂರಿನ ಖುರ್ಷಿದ,

ನೀನು ಆಳಂದದಿಂದ ಕಳಿಸಿದ ಜಪಾನಿನ ಚಿತ್ರಗಳು ತಲುಪಿದವು. ನಿಮ್ಮ ಇಸ್ಮಾಯಿಲ ಮಾಮು ಮುಂಬೈಯಲ್ಲಿ ಹಡಗಿನ ಕೆಲಸಕ್ಕಿದ್ದಾಗ ತಂದ ಅವೇ ಹಳೆಯ ಫೋಟೊಗಳು! ಹಾಡಿ ಕುಣಿದು ಅತಿಥಿಗಳನ್ನು ರಂಜಿಸುವ ಗೇಷಾ ಹೆಂಗಸರು, ಪಕ್ಕದಲ್ಲಿ ಅವರ ಕೈಕೆಳಗೆ ಕಲಿಯುವ ಹುಡುಗಿಯರು, ಎಲ್ಲರ ಮುಖಕ್ಕೂ ಸುಣ್ಣದಂಥ ಬಿಳಿ ಬಣ್ಣ. ಮಣ್ಣೂರಿನಲ್ಲಿ ಸಣ್ಣವರಿದ್ದಾಗ "ಇವ್ರು ಯಾಕ ನಗೂದಿಲ್ಲ ಬೇ?" ಎಂದು ನಾನು ಕೇಳಿದರೆ, "ನಕ್ಕರ ಸುಣ್ಣ ಉದುರ್ತದ" ಅಂದಿದ್ದೆ ನೀನು. ಬಿದ್ದು ಬಿದ್ದು ನಕ್ಕಿದ್ದೆವು. ಈಗ ನೋಡಿದರೆ ನನಗೆ ನಗು ಬರುವುದಿಲ್ಲ.

ನಿನಗೆ ಹೇಳದೆ ಉಳಿದದ್ದೊಂದಿದೆ. ಮದುವೆಗೆ ಮೊದಲು ಅಫಜಲಪುರದಲ್ಲಿ ನನ್ನ ಫೋಟೊ ತೆಗೆಸಿದರಲ್ಲ, ಸ್ಟುಡಿಯೊದ ಆ ಪುಣ್ಯಾತ್ಮ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ನನ್ನನ್ನು ಹಾಲಿನಂಥವಳನ್ನಾಗಿ ಮಾಡಿಬಿಟ್ಟ. ಮದುವೆಯಾಗದ ಹುಡುಗಿಗೆ ಅದು ಅವನು ಮಾಡುವ ಉಪಕಾರವಂತೆ. ನೋಡಲು ಬಂದ ಗಂಡಸರು ನನ್ನ ತಲೆಯ ಸೆರಗನ್ನಷ್ಟೇ ನೋಡಿ ಹೋದರು. ನನ್ನನ್ನು ನೋಡಲು ಬಾರದಿದ್ದ ಅತ್ತೆ ಹೀರಾಬಾಯಿ ಆ ಫೋಟೊ ಓಣಿಗೆಲ್ಲ ತೋರಿಸಿ, "ನೋಡ್ರಿ, ನಮ್ಮ ಸೊಸಿ ಹೆಂಗ ಬೆಳ್ಳಗ ಅದಾಳ" ಎಂದು ಬೀಗಿದ್ದರು. ಮದುವೆಯ ಅಕ್ಕಿಕಾಳು ತಲೆಗೆ ಬಿದ್ದ ಮೇಲೆ ಅವರಿಗೆ ಗೊತ್ತಾಯಿತು, ಸೊಸೆ ಕರಿ ಎಳ್ಳಿನ ಬಣ್ಣದವಳೆಂದು.

"ಮಂದಿ ಮುಂದ ನನ್ನ ಮಾನ ಉಳಸವ್ವಾ" ಎಂದು ಅತ್ತೆ ಪೌಡರ್ ಡಬ್ಬಿ ಕೈಗಿಟ್ಟರು. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಅವರು ಕೈ ಮುಗಿದರು. ಅಂದಿನಿಂದ ಬಾಗಿಲಲ್ಲಿ ಯಾರದೇ ಚಪ್ಪಲಿ ಸಪ್ಪಳವಾಗಲಿ, ನಾನು ಕನ್ನಡಿಗೆ ಓಡಬೇಕು. ಜೇವರ್ಗಿಯ ಬಿಸಿಲು ನಿನಗೆ ಗೊತ್ತೇ ಇದೆ. ಬೆವರಿಳಿದು ಗೆರೆಗಳು ಮೂಡುತ್ತವೆ, ಮತ್ತೆ ಹಚ್ಚುತ್ತೇನೆ. ಸ್ವಂತ ಮನೆಯಲ್ಲೇ ಉಸಿರು ಕಟ್ಟುತ್ತದೆ.

ನಿನ್ನೆ ನನ್ನ ಮಗಳು ಗುರಮ್ಮ ಈ ಚಿತ್ರಗಳನ್ನು ಹರವಿಕೊಂಡು ಕೂತಿದ್ದಳು. ದೊಡ್ಡ ಗೇಷಾಳ ಮೇಲೆ ಬೆರಳಿಟ್ಟು, "ಇದು ನೀ" ಎಂದಳು. ಪಕ್ಕದ ಹುಡುಗಿಯ ಮೇಲಿಟ್ಟು, "ಇದು ನಾ. ನನಗೂ ಹಚ್ಚವ್ವಾ, ಮಂದಿ ಬರಾಕತ್ತಾರ" ಎಂದು ಗದ್ದ ಎತ್ತಿ ಕಣ್ಣು ಮುಚ್ಚಿದಳು. ಒಂದು ಗಲ್ಲಕ್ಕೆ ಆಗಲೇ ತಾನೇ ಬಳಿದುಕೊಂಡಿದ್ದಳು!

ರಟ್ಟೆ ಹಿಡಿದು ಬಚ್ಚಲಿಗೆ ಒಯ್ದು ತಿಕ್ಕಿ ತಿಕ್ಕಿ ತೊಳೆದೆ. "ನೀ ಹಿಂಗೇ ಛಂದ ಇದ್ದಿ. ಯಾರು ಏನರೆ ಅನ್ನಲಿ" ಎಂದೆ. ಅವಳು ನನ್ನ ಮೋರೆಯನ್ನೇ ನೋಡುತ್ತ, "ಹಂಗಾರ ನೀನೂ ತೊಳಕೋ" ಎಂದಳು.

ನೀರು ತುಂಬಿದ ತಂಬಿಗೆ ಕೈಯಲ್ಲೇ ಇತ್ತು. ಆಚೆಯಿಂದ ಅತ್ತೆ, "ಸುಭದ್ರಾ, ಬೀಗರು ಬಂದ್ರು" ಎಂದರು. ನಾನು ತಂಬಿಗೆ ಕೆಳಗಿಟ್ಟು ಕನ್ನಡಿಯ ಕಡೆ ಹೋದೆ.

ನಿನ್ನ ಮನೆ ತಣ್ಣಗಿರಲಿ. ನಮಾಜಿನಲ್ಲಿ ನನ್ನ ಮಗಳಿಗೊಂದು ದುವಾ ಮಾಡು, ಅವಳು ನನ್ನಂತಾಗದಿರಲಿ.

ನಿನ್ನ
ಸುಭದ್ರಾ